ಮಟ್ಟಗೋಲಿನ ಇನ್ನೊಂದು ಮಗ್ಗುಲು

ಗುಂಡ್ಲುಪೇಟೆಯಲ್ಲಿ ನಮ್ಮ ಮರಗೆಲಸದ ಅಂಗಡಿ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಅದರ ಬೆನ್ನಿಗೆ ಅಂಟಿಕೊಂಡ ಹಾಗೆ ಮನೆ. ಅಪ್ಪ ತೀರಿಕೊಂಡು ಮೂರು ತಿಂಗಳಾಗಿದ್ದ ಕಾಲ. ಅಂಗಡಿಯ ಗೋಡೆಗೆ ಅಪ್ಪನೇ ಹೊಡೆದಿದ್ದ ಕೊಕ್ಕೆಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರು ನೇತಾಡುತ್ತಿತ್ತು. ಅದು ಅಪ್ಪನ ಕೈಯಿಂದ ಆದ ಕೊನೆಯ ಕೆಲಸ.

ಈರುಳ್ಳಿ ತುಂಬಿದ ಲಾರಿ ಕೇರಳದ ಕಡೆ ಹೋಗುವಾಗ ನಮ್ಮ ನೆಲ ಅದುರುತ್ತದೆ. ಆಗ ಯಾರೂ ಮುಟ್ಟದಿದ್ದರೂ ಆ ಗಿಟಾರಿನ ದಪ್ಪ ತಂತಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಕಂಪನ ಅಂದರೆ ಏನು ಅಂತ ನಾನು ಓದಿದ್ದೆ. ಹೆದರುವಂಥದ್ದೇನೂ ಇರಲಿಲ್ಲ. ಆದರೆ ಅಪ್ಪನಿಗೆ ಕೆಲಸ ಮಾಡುವಾಗ ಪೆನ್ಸಿಲನ್ನು ಹಲ್ಲಲ್ಲಿ ಕಚ್ಚಿಕೊಂಡು ಮೂಗಿನಲ್ಲೇ ಗುನುಗುವ ಅಭ್ಯಾಸವಿತ್ತು. ಅವ್ವನನ್ನು ಕರೆಯಬೇಕಾದರೂ ಪೆನ್ಸಿಲು ತೆಗೆಯುತ್ತಿರಲಿಲ್ಲ, ಅದೇ ದನಿಯಲ್ಲಿ ಕರೆಯುತ್ತಿದ್ದ. ಒಂದು ಮಧ್ಯಾಹ್ನ ಲಾರಿ ಹೋಯಿತು, ತಂತಿ ಗುಂಯ್ ಅಂದಿತು. ಅಡುಗೆಮನೆಯಿಂದ ಅವ್ವ, "ಆಂ? ಬಂದೆ ಇರಿ" ಅಂದಳು. ಕೈಯಲ್ಲಿ ಮುದ್ದೆಯ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಅವಳು ನನ್ನನ್ನು ನೋಡಲಿಲ್ಲ. ಗಿಟಾರನ್ನು ನೋಡಿ ಒಳಗೆ ಹೋದಳು.

ನನಗೆ ಭಯವಾದದ್ದು ಆವತ್ತು. ದೆವ್ವದ ಭಯವಲ್ಲ. ಆ ಗಿಟಾರಿನ ಬಗ್ಗೆ ನಾನು ಒಂದು ಮಾತು ಆಡಿಬಿಟ್ಟಿದ್ದೆ. ಅವ್ವ ಅದನ್ನು ಕೇಳಿಸಿಕೊಂಡಿದ್ದಳು.

ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಪುಕ್ಕಟೆ ಬಂದದ್ದಲ್ಲ ಅದು. ಬೆಳಿಗ್ಗೆ ಎರಡು ಬಾಗಿಲಿಗೆ ರಂದ ಹೊಡೆದು, ತಲೆಯ ಹೊಟ್ಟು ಕೊಡವಿಕೊಂಡು ಚಾಮರಾಜನಗರದ ಬಸ್ಸು ಹತ್ತುತ್ತಿದ್ದೆ. ಗಣಿತದಲ್ಲಿ ಎರಡು ಸಲ ಕೂತೆ. ಪಾಸಾದ ಮೇಲೆ ಅಲ್ಲೇ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಪ್ಪನಿಗೆ ಅಡಿ ಅಂಗುಲ ಓದಲು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ನನ್ನ ಪದವಿ ಪತ್ರ ಬಂದ ದಿನ ಅದನ್ನು ಉದ್ದಗಲ ಅಳೆದು, ತೇಗದ ಚೌಕಟ್ಟು ಮಾಡಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಎದುರಾಗುವ ಹಾಗೆ ತೂಗು ಹಾಕಿದ. ಮನೆಯೊಳಗೆ ಹಾಕು ಅಂದರೆ, "ಮನೇವ್ರಿಗೆ ಗೊತ್ತಲ್ವ, ಗೊತ್ತಿಲ್ದೋರು ನೋಡ್ಲಿ" ಅಂದ.

ಆ ಹೊತ್ತಿಗಾಗಲೇ ಅವನ ಕೈ ನಡುಗಲು ಶುರುವಾಗಿತ್ತು. ಟೀ ಲೋಟ ಹಿಡಿದರೆ ಟೀ ಚೆಲ್ಲುತ್ತಿತ್ತು. ಪಕ್ಕದ ಮರದ ಮಿಲ್ಲಿನವರು, ಅಂದರೆ ಅದರ ಯಜಮಾನರು, ಒಂದು ಸಲ ಅದನ್ನು ನೋಡಿದರು. ಊರಲ್ಲಿ ಮನೆ ಕಟ್ಟುವವರು ಮರ ಕೊಯ್ಯಿಸಲು ಬರುವುದು ಅವರಲ್ಲಿಗೆ, ಬಾಗಿಲು ಯಾರ ಹತ್ತಿರ ಮಾಡಿಸಲಿ ಅಂತ ಕೇಳುವುದೂ ಅವರನ್ನೇ. ಇಪ್ಪತ್ತು ವರ್ಷ ಅಪ್ಪನ ಕಡೆ ಕೈ ತೋರಿಸಿದವರು ಬೇರೆ ಕಡೆ ತೋರಿಸತೊಡಗಿದರು. "ಆಚಾರಿ ಕೈ ಓಯ್ತು ಕಣ್ರಪ್ಪ" ಅನ್ನುವ ಮಾತು ನಮ್ಮ ಕಿವಿಗೂ ಬಿತ್ತು.

ಅಪ್ಪ ಜಗಳಕ್ಕೆ ಹೋಗಲಿಲ್ಲ. ನನಗೆ ಮಾತ್ರ ಹೇಳಿದ: "ಕೈ ನಡುಗ್ತದೆ ಕಣ್ಲಾ, ಕಣ್ಣು ನಡುಗಕಿಲ್ಲ. ಉಳಿ ಮರ ಮುಟ್ತು ಅಂದ್ರೆ ಕೈಯೂ ಸುಮ್ನಾಯ್ತದೆ."

ನಾನು ಹೂಂ ಅಂದೆ. ನಂಬಿರಲಿಲ್ಲ.

ಗಿಟಾರು ಮಾಡಲು ಹೇಳಿದವರು ಚಾಮರಾಜನಗರದ ಒಬ್ಬ ಸಾಬರು. ಪಂಪ್‌ಸೆಟ್ಟು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಅವರದು. ಮದುವೆ, ಗಣೇಶನ ಹಬ್ಬ ಬಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದರು. ತಂತಿಯ ದನಿ ಹಿಡಿಯುವ ಪಿಕಪ್ಪನ್ನು ತಾವೇ ಸುತ್ತಿಕೊಂಡಿದ್ದರು, ಮೋಟಾರು ಸುತ್ತುವ ಕೈಯಲ್ಲೇ. ಮರದ ಕೆಲಸವೂ ಹಾಗೇ ಕೈಯಲ್ಲೇ ಆಗಲಿ ಅನ್ನುವುದು ಅವರ ಆಸೆ. ಮಾದರಿಗೆ ತಮ್ಮ ಹಳೆಯ ಗಿಟಾರು ತಂದು ಅಪ್ಪನ ಮುಂದಿಟ್ಟು, "ಆಚಾರ್ರೆ, ಇದ್ರಂಗೆ ಬೇಡ, ಇದ್ಕಿಂತ ಚೆನ್ನಾಗಿರ್ಲಿ" ಅಂದರು.

ಅಪ್ಪ ಒಂದು ಷರತ್ತು ಹಾಕಿದ. "ಮಾಡ್ಕೊಡ್ತೀನಿ ಸಾಬ್ರೆ. ಮುಗುದ್ ಮ್ಯಾಲೆ ಒಂದ್ಸಲ ಮಿಲ್ ಮುಂದೆ ಕುಂತ್ಕಂಡು ಬಾರಿಸ್ಬೇಕು. ಅಷ್ಟೆ."

ಯಾಕೆ ಅಂತ ಸಾಬರು ಕೇಳಲಿಲ್ಲ. ಅವರಿಗೂ ಗೊತ್ತಿತ್ತು.

ಮೈಗೆ ಹಲಸು, ಕುತ್ತಿಗೆಗೆ ತೇಗ, ಬೆರಳು ಆಡುವ ಹಲಗೆಗೆ ಮುರಿದ ಮಂಚದ ಬೀಟೆ ಕಾಲು. ತಂತಿಯ ಎಳೆತಕ್ಕೆ ಬಾಗಬಾರದೆಂದು ಕುತ್ತಿಗೆಯೊಳಗೆ ಕಬ್ಬಿಣದ ಪಟ್ಟಿ ಹುದುಗಿಸಿದ. ಬೀಟೆಗೆ ಅಡ್ಡಡ್ಡ ಗೀರು ಕೊಯ್ದು, ಸಾಬರು ಬೆಂಗಳೂರಿನಿಂದ ತರಿಸಿದ್ದ ಲೋಹದ ಪಟ್ಟಿಗಳನ್ನು ಒಂದೊಂದಾಗಿ ಕೊಡತಿಯಲ್ಲಿ ಬಡಿದು ಕೂರಿಸಿದ. ಅವಕ್ಕೆ ಫ್ರೆಟ್ಟು ಅನ್ನುತ್ತಾರೆ. ಅಪ್ಪ ವೀಣೆಯ ಲೆಕ್ಕದಲ್ಲಿ ಮೆಟ್ಲು ಅನ್ನುತ್ತಿದ್ದ. ಇಪ್ಪತ್ತೊಂದು ಮೆಟ್ಟಿಲು. ಇನ್ನು ಉಳಿದದ್ದು ಅವುಗಳ ತಲೆ ಒಂದೇ ಮಟ್ಟಕ್ಕೆ ತರುವುದು, ತಂತಿಯ ಬುಡ ಹೊರುವ ಬ್ರಿಡ್ಜು, ತಂತಿ ಬಿಗಿಯುವ ಕೀಗಳನ್ನು ಕೂರಿಸಿ ತಂತಿ ಕಟ್ಟುವುದು. ಆ ವಾರ ಅಪ್ಪನಿಗೆ ಜ್ವರ ಬಂತು. ಎಂಟು ದಿನದಲ್ಲಿ ಹೋಗಿಬಿಟ್ಟ.

ತಿಥಿಯೆಲ್ಲ ಮುಗಿದ ಮೇಲೆ ಸಾಬರು ಬಂದರು. ಕೇಳಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತಿದ್ದರು. "ನಾನು ಮುಗಿಸಿ ಕೊಡ್ತೀನಿ" ಅಂದೆ. ಅವ್ವ ನನ್ನ ಮುಖ ನೋಡಿದಳು.

ಭಾನುವಾರಗಳಲ್ಲಿ ಕೂತೆ. ಚಾಮರಾಜನಗರದ ಸೈಬರ್ ಸೆಂಟರಿನಲ್ಲಿ ಈ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿದ್ದ ನಾಲ್ಕು ಹಾಳೆ ಪ್ರಿಂಟು ತೆಗೆಸಿಕೊಂಡು ಬಂದಿದ್ದೆ. ಫ್ರೆಟ್ಟುಗಳ ತಲೆಗೆಲ್ಲ ಮಾರ್ಕರಿನಲ್ಲಿ ಕಪ್ಪು ಹಚ್ಚಬೇಕು. ನೇರವಾದ ಒಂದು ಉದ್ದನೆ ಪಟ್ಟಿಗೆ ಎಮರಿ ಪೇಪರು ಅಂಟಿಸಿ ಮೇಲೆ ಉಜ್ಜಬೇಕು. ಎತ್ತರವಿರುವ ಪಟ್ಟಿಯ ಕಪ್ಪು ಮೊದಲು ಹೋಗುತ್ತದೆ, ತಗ್ಗಿನದು ಉಳಿಯುತ್ತದೆ. ಎಲ್ಲದರ ಕಪ್ಪೂ ಹೋದಾಗ ಎಲ್ಲವೂ ಒಂದೇ ಮಟ್ಟ. ಆಮೇಲೆ ಚಪ್ಪಟೆಯಾದ ತಲೆಗಳನ್ನು ಅರದಲ್ಲಿ ಉಜ್ಜಿ ಮತ್ತೆ ದುಂಡಗೆ ಮಾಡಬೇಕು.

ನೇರವಾದ ಪಟ್ಟಿ ನಮ್ಮಲ್ಲೇ ಇತ್ತು. ಅಪ್ಪನ ಮಟ್ಟಗೋಲು. ಎರಡಡಿ ಉದ್ದದ ಹೊನ್ನೆ ಮರ, ತಾತನ ಕಾಲದ್ದು ಅನ್ನುತ್ತಿದ್ದ. ಅದಕ್ಕೆ ಎರಡು ಮಗ್ಗುಲು. ಒಂದು ಕೈಬೆವರಿಗೆ, ಪೆನ್ಸಿಲಿನ ಮಸಿಗೆ ಕಪ್ಪಾಗಿ ಒರಟಾಗಿತ್ತು. ಇನ್ನೊಂದು ನುಣ್ಣಗೆ, ಹೊಚ್ಚಹೊಸದರ ಹಾಗೆ. ಅದರ ತುದಿಯಲ್ಲಿ ಉಳಿ ತಾಗಿದ ಹಾಗೆ ಎರಡು ಸಣ್ಣ ಗೀರು. ಏಟು ಬಿದ್ದಿರಬೇಕು ಅಂದುಕೊಂಡೆ. ನುಣ್ಣಗಿದ್ದ ಮಗ್ಗುಲಿಗೇ ಎಮರಿ ಅಂಟಿಸಿದೆ.

ಉಜ್ಜಿದೆ. ಕಪ್ಪು ಹೋಗುವುದನ್ನು ನೋಡುತ್ತಾ ಹೋದೆ. ನಡುವಿನ ಪಟ್ಟಿಗಳದ್ದು ಬೇಗ ಹೋಯಿತು, ಎರಡು ತುದಿಗಳದ್ದು ತಡವಾಯಿತು. ನಡುವೆ ಎತ್ತರ ಬಿಟ್ಟಿದ್ದಾನೆ ಅಪ್ಪ ಅಂದುಕೊಂಡೆ. ಕೈ ನಡುಗುತ್ತಿತ್ತಲ್ಲ, ಬಡಿಯುವಾಗ ಸಮ ಬಿದ್ದಿಲ್ಲ.

ಉಳಿದ ಕೆಲಸ ಚೆನ್ನಾಗಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಮೇಲ್ತುದಿಯಿಂದ ಹನ್ನೆರಡನೇ ಫ್ರೆಟ್ಟಿಗೆ ಎಷ್ಟು ದೂರವೋ ಅಲ್ಲಿಂದ ಬ್ರಿಡ್ಜಿಗೂ ಅಷ್ಟೇ ದೂರ. ಅದನ್ನು ಲೆಕ್ಕ ಹಾಕಿ ತೂತು ಕೊರೆದೆ. ಹಲಸಿನಲ್ಲಿ ಸ್ಕ್ರೂ ಬಿಗಿಯುವ ಮೊದಲು ಸೋಪಿಗೆ ಒರೆಸಿಕೊಂಡೆ, ಅದು ಅಪ್ಪನಿಂದ ಕಲಿತದ್ದು, ಮರ ಸೀಳುವುದಿಲ್ಲ. ಆರು ಕೀಗಳು ಒಂದೇ ಸಾಲಿಗೆ ಕೂತವು. ಪಿಕಪ್ಪಿನ ವೈರುಗಳನ್ನು ಬೆಸುಗೆ ಹಾಕಿದೆ. ತಂತಿ ಕಟ್ಟಿ ಶ್ರುತಿ ಮಾಡಿದೆ.

ಐದನೇ ಫ್ರೆಟ್ಟಿನ ಮೇಲೆ ಬೆರಳಿಟ್ಟು ಮೀಟಿದೆ. ಜರ್ರ್ ಅಂದಿತು. ತಗಡಿನ ಡಬ್ಬಕ್ಕೆ ಜೀರುಂಡೆ ಹಾಕಿದ ಹಾಗೆ. ಆರು, ಏಳು, ಎಂಟು, ಒಂಬತ್ತು, ಎಲ್ಲವೂ ಹಾಗೇ.

ತಂತಿ ಸಡಿಲಿಸಿ ಬದಿಗೆ ಸರಿಸಿದೆ. ಎಮರಿ ಕಿತ್ತು, ಮಟ್ಟಗೋಲಿನ ಅದೇ ಮಗ್ಗುಲನ್ನು ಫ್ರೆಟ್ಟುಗಳ ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿದೆ. ಒಂದು ಕೂದಲು ತೂರುವಷ್ಟೂ ಸಂದಿಲ್ಲ. ಅಂದಮೇಲೆ ಉಜ್ಜಿದ್ದು ಸರಿಯಾಗಿದೆ. ತಂತಿಯ ಎಳೆತಕ್ಕೆ ಕುತ್ತಿಗೆ ಬಾಗುತ್ತಿದೆ, ತಪ್ಪು ಮರದ್ದು. ಲೆಕ್ಕ ಸರಳವಾಗಿತ್ತು.

ಮುಂದಿನ ಭಾನುವಾರ ಸಾಬರು ಚಿಕ್ಕದೊಂದು ಆಂಪ್ಲಿಫೈಯರು ಹಿಡಿದುಕೊಂಡು ಬಂದರು. ಗಿಟಾರು ನೋಡಿ ಬೆನ್ನು ಸವರಿದರು, ಮೂಸಿದರು. ಮಿಲ್ಲಿನವರೂ ಸದ್ದು ಕೇಳಿ ನಮ್ಮ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಸಾಬರು ನುಡಿಸಿದರು. ಆಂಪ್ಲಿಫೈಯರಿನಲ್ಲಿ ಆ ಜರ್ರ್ ಇಡೀ ಅಂಗಡಿ ತುಂಬಿತು. ಅವರು ನಿಲ್ಲಿಸಿ ನನ್ನ ಕಡೆ ನೋಡಿದರು.

"ಯಾಕ್ ತಮ್ಮ ಇಂಗಾಯ್ತದೆ?"

ನಾನು ಪದವಿ ಪತ್ರದ ಕೆಳಗೆ ನಿಂತಿದ್ದೆ. "ನಾನು ಮಟ್ಟ ನೋಡಿದೀನಿ, ಸರಿಯಾಗೇ ಇದೆ. ಕುತ್ತಿಗೇಲೇ ದೋಷ. ಅಪ್ಪನ ಕೈ ಆಗ ನೆಟ್ಟಗಿರಲಿಲ್ಲ" ಅಂದೆ.

ಮಿಲ್ಲಿನವರು ತೊಡೆ ತಟ್ಟಿಕೊಂಡರು. "ನಾನ್ ಯೋಳಿರ್ನಿಲ್ವ? ಈಗ ಮಗ್ನೆ ಯೋಳ್ತಾವ್ನೆ ನೋಡಿ. ಓದ್ದೋರ್ ಬಾಯಲ್ಲಿ ಸುಳ್ ಬರಕಿಲ್ಲ."

ಸಾಬರು ಆಂಪ್ಲಿಫೈಯರಿನ ವೈರು ಕಿತ್ತರು. ಗಿಟಾರನ್ನು ಕೊಕ್ಕೆಗೆ ತೂಗು ಹಾಕಿ, "ಇಲ್ಲೇ ಇರ್ಲಿ. ಏನಾರ ಮಾಡಕಾದ್ರೆ ನೋಡು" ಅಂತ ಹೇಳಿ ಹೋದರು. ತಿರುಗಿದಾಗ ಒಳಬಾಗಿಲಲ್ಲಿ ಅವ್ವ ಇದ್ದಳು. ಮೂರು ಲೋಟ ಟೀ ತಂದಿದ್ದಳು. ಯಾರಿಗೂ ಕೊಡದೆ ಹಾಗೇ ಒಳಗೆ ತೆಗೆದುಕೊಂಡು ಹೋದಳು.

ಆಮೇಲೆ ನಾನು ಹೇಳಿದೆನಲ್ಲ, ಆ ಲಾರಿ ಮತ್ತು ಆ ಗುಂಯ್. ದಿನಕ್ಕೆ ಎಷ್ಟು ಲಾರಿಯೋ ಅಷ್ಟು ಸಲ. ಊಟಕ್ಕೆ ಕೂತರೆ ಅಂಗಡಿಯಲ್ಲಿ ಯಾರೋ ಮೂಗಿನಲ್ಲಿ ಗುನುಗಿದ ಹಾಗೆ. ಅವ್ವ ಸಾರು ಬಡಿಸುವ ಕೈ ನಿಲ್ಲಿಸಿ ಕಿವಿ ಕೊಡುತ್ತಿದ್ದಳು. ನಾನು ತಲೆ ಎತ್ತುತ್ತಿರಲಿಲ್ಲ. ತಂತಿ ಸಡಿಲ ಮಾಡಿದರೆ ದನಿ ನಿಲ್ಲುತ್ತದೆ ಅಂತ ಗೊತ್ತಿತ್ತು. ಒಂದು ದಿನ ಮಾಡಿದೆ. ಅವ್ವ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎರಡು ಮೂರು ಸಲ ಅಂಗಡಿಗೆ ಬಂದು ಇಣುಕಿ ಹೋದಳು. ಸಂಜೆ ನಾನೇ ಮತ್ತೆ ಬಿಗಿದೆ.

ಮತ್ತೊಂದು ಸಲ ಉಜ್ಜಿದೆ, ಅದೇ ಕೋಲು, ಅದೇ ಮಗ್ಗುಲು. ಜರ್ರ್ ಇನ್ನೂ ಜೋರಾಯಿತು. ಅಪ್ಪ ಕೂರಿಸಿದ ಪಟ್ಟಿಗಳು ಸವೆಯುತ್ತಿದ್ದವು. ಚಾಮರಾಜನಗರದ ಬಸ್ಸಿನಲ್ಲಿ ಪರಿಚಯದವರೊಬ್ಬರು, "ನಿಮ್ಮಪ್ಪ ಕೊನೆಕೊನೇಲಿ ಕೆಲ್ಸ ಕೆಡಿಸ್ಬುಟ್ರಂತೆ, ಪಾಪ, ವಯಸ್ಸು" ಅಂದರು. ಯಾರು ಹೇಳಿದರು ಅಂತ ನಾನು ಕೇಳಲಿಲ್ಲ. ಹೇಳಿದವನು ನಾನೇ.

ಮೂರನೇ ಸಲ ಎಮರಿ ಅಂಟಿಸುತ್ತಾ ಕೂತಿದ್ದಾಗ ಅವ್ವ ಅಕ್ಕಿ ಮೊರ ಹಿಡಿದುಕೊಂಡು ಬಂದು ಹೊಸ್ತಿಲ ಮೇಲೆ ಕೂತಳು. ಸ್ವಲ್ಪ ಹೊತ್ತು ಕಲ್ಲು ಆರಿಸಿದಳು.

"ಅಲಗೆ ಯಾವ್ದಾರ ಅಂಟಾಕ್ತೀಯ?" ಅಂದಳು.

"ಇಲ್ಲ. ಮಟ್ಟ ಉಜ್ತಾ ಇದೀನಿ."

"ಮಟ್ಟಕ್ಕೆ ಯಾಕ್ಲಾ ಅಂಟಾಕೋ ಮಗ್ಗುಲ್ ಇಡ್ಕಂಡಿದ್ದೀಯ?"

ನನಗೆ ಅರ್ಥವಾಗಲಿಲ್ಲ. ಅವ್ವ ಮೊರ ಕೆಳಗಿಟ್ಟು ಎದ್ದು ಬಂದು ಕೋಲು ತೆಗೆದುಕೊಂಡಳು. ಆ ಎರಡು ಗೀರಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಬಾಗ್ಲಿಗೆ ಎರಡು ಅಲಗೆ ಕೂಡಿಸ್ಬೇಕಾದ್ರೆ ನಿಮ್ಮಪ್ಪ ಅಂಚ್ನ ನಡುಮದ್ಯಕ್ಕೆ ಒಂದ್ ಎಳೆ ತಗ್ಗು ಬುಡೋರು. ಆಗ ಬಿಗಿಗೆ ತುದಿ ಎರಡೂ ಕಚ್ಕತವೆ, ಒಣಗಿದ್ರೂ ಬಾಯ್ ಬುಡಕಿಲ್ಲ. ಆ ತಗ್ಗು ನೋಡಕೆ ಈ ಮಗ್ಗುಲ್ಗೆ ನಡುವೆ ಒಂದ್ ಎಳೆ ಉಬ್ಬು ಮಡಗವ್ರೆ. ಗೀರು ಆಕಿರದೇ ಅದ್ಕೆ. ಅಲಗೆ ಇಡ್ಕಳೋಳು ನಾನಲ್ವ? ನಿಂಗ್ಯಾವತ್ತು ತೋರಿಸ್ಲಿಲ್ವ?"

ತೋರಿಸಿರಬಹುದು. ಹಲಗೆ ಅಂಟಿಸುವ ಹೊತ್ತಿಗೆ ನಾನು ಬಸ್ಸು ಹತ್ತಿರುತ್ತಿದ್ದೆ.

ಹತ್ತಿರವಿದ್ದ ಹಲಗೆಯೊಂದನ್ನು ಎಳೆದುಕೊಂಡೆ. ಕೋಲಿನ ನುಣ್ಣನೆ ಮಗ್ಗುಲಿಟ್ಟು ಗೆರೆ ಎಳೆದೆ. ಕೋಲನ್ನು ಮಗುಚಿ ಗೆರೆಯ ಇನ್ನೊಂದು ಕಡೆ ಇಟ್ಟು, ಅದೇ ತುದಿಗಳಿಗೆ ಸೇರಿಸಿ ಇನ್ನೊಂದು ಗೆರೆ ಎಳೆದೆ. ನೆಟ್ಟಗಿದ್ದರೆ ಎರಡೂ ಒಂದಾಗಬೇಕು. ಆಗಲಿಲ್ಲ. ತುದಿಗಳಲ್ಲಿ ಕೂಡಿದವು, ನಡುವೆ ಬಿಟ್ಟುಕೊಂಡವು. ಅರೆಮುಚ್ಚಿದ ಕಣ್ಣಿನ ಹಾಗೆ ಒಂದು ಸೀಳು ನನ್ನನ್ನು ನೋಡುತ್ತಿತ್ತು. ಕಪ್ಪು ಮಗ್ಗುಲಿಟ್ಟು ಅದನ್ನೇ ಮಾಡಿದೆ. ಎರಡು ಗೆರೆ ಒಂದೇ ಗೆರೆಯಾಯಿತು.

ವಾರಕ್ಕೆ ಆರು ದಿನ ನಾನು ಪ್ರಯೋಗಾಲಯದಲ್ಲಿ ಹುಡುಗರಿಗೆ ಹೇಳುವುದು ಒಂದೇ ಮಾತು: ಅಳೆಯುವ ಮೊದಲು ಅಳತೆಯ ಉಪಕರಣದಲ್ಲೇ ತಪ್ಪಿದೆಯಾ ನೋಡಿಕೊಳ್ಳಿ. ನಡುವಿನ ಫ್ರೆಟ್ಟುಗಳನ್ನು ತಗ್ಗು ಮಾಡಿದ್ದು ನಾನು. ಅಲ್ಲಿ ಒತ್ತಿದ ತಂತಿ ಮುಂದಿನ ಎತ್ತರದ ಪಟ್ಟಿಗಳಿಗೆ ತಾಗಿ ಜರ್ರ್ ಅನ್ನುತ್ತಿತ್ತು. ತಪ್ಪು ಮಾಡಿದ ಕೋಲನ್ನೇ ಸಾಕ್ಷಿಗೆ ಕರೆದು, ಅದು ಸರಿ ಅಂದಾಗ ಅಪ್ಪನ ಮೇಲೆ ಹೊರಿಸಿದ್ದೂ ನಾನು. ತಲೆ ಎತ್ತಿ ನೋಡಿದರೆ ಎದುರಿಗೆ ಪದವಿ ಪತ್ರ. ಅದರ ಚೌಕಟ್ಟಿನ ನಾಲ್ಕು ಮೂಲೆಗಳನ್ನು ಅಷ್ಟು ದಿನದಲ್ಲಿ ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಎದ್ದು ಹೋಗಿ ಉಗುರು ಆಡಿಸಿದೆ. ಕೂಡಿದ ಜಾಗ ಉಗುರಿಗೆ ಸಿಗಲಿಲ್ಲ. ನಡುಗುವ ಕೈಯಲ್ಲಿ ಮಾಡಿದ್ದು ಅದು.

ಅವ್ವನಿಗೆ ಹೇಳಿದೆ. "ತಪ್ಪು ನಂದೆ ಕಣವ್ವ. ಅಪ್ಪಂದಲ್ಲ."

"ನಂಗ್ ಗೊತ್ತಿತ್ತು" ಅಂದಳು. "ನಂಗ್ಯಾಕ್ ಯೋಳ್ತೀಯ? ಯಾರ್ಗೆ ಯೋಳಿದ್ಯೋ ಅವ್ರಿಗ್ ಓಗ್ ಯೋಳು."

ಮುಂದಿನ ಭಾನುವಾರ ಕಪ್ಪು ಮಗ್ಗುಲಿಗೆ ಎಮರಿ ಅಂಟಿಸಿ ಉಜ್ಜಿದೆ. ಈ ಸಲ ತುದಿಗಳ ಕಪ್ಪು ಮೊದಲು ಹೋಯಿತು, ನಡುವಿನದು ಕೊನೆಗೆ. ಇನ್ನೊಮ್ಮೆ ಉಜ್ಜಿದ್ದರೆ ಪಟ್ಟಿಗಳಲ್ಲಿ ಲೋಹ ಉಳಿಯುತ್ತಿರಲಿಲ್ಲ. ತಂತಿ ಕಟ್ಟಿ ಐದನೇ ಫ್ರೆಟ್ಟು ಒತ್ತಿ ಮೀಟಿದೆ. ದನಿ ಬಂತು, ಬರೀ ದನಿ. ಆರು, ಏಳು, ಎಂಟು, ಒಂಬತ್ತು. ಅವ್ವ ಬಾಗಿಲಿಗೆ ಬಂದಳು. ಈ ಸಲ "ಆಂ?" ಅನ್ನಲಿಲ್ಲ.

ಸಾಬರಿಗೆ ಫೋನು ಮಾಡಿದೆ, ನಡೆದದ್ದನ್ನೆಲ್ಲ ಹೇಳಿದೆ. ಅವರು, "ಆಚಾರ್ರಿಗೆ ಮಾತ್ ಕೊಟ್ಟಿವ್ನಿ, ಬತ್ತೀನಿ" ಅಂದರು.

ಮಿಲ್ಲಿನ ಅಂಗಳದಲ್ಲಿ ಸೀಳಿದ ಮರದ ದಿಮ್ಮಿಯ ಮೇಲೆ ಆಂಪ್ಲಿಫೈಯರು ಪಕ್ಕಕ್ಕಿಟ್ಟುಕೊಂಡು ಕೂತರು ಸಾಬರು. ಮಿಲ್ಲಿನವರು ಗರಗಸ ನಿಲ್ಲಿಸಿದರು. ಲಾರಿಗೆ ಹಗ್ಗ ಬಿಗಿಯುತ್ತಿದ್ದವರೂ ಬಂದು ನಿಂತರು. ಸಾಬರು ಮೊದಲು ಒಂದೊಂದೇ ಫ್ರೆಟ್ಟು ಒತ್ತಿ ಮೇಲಿನಿಂದ ಕೆಳಗಿನವರೆಗೆ ನುಡಿಸಿದರು, ಮೆಟ್ಟಿಲು ಇಳಿದ ಹಾಗೆ. ಒಂದೂ ತಡವರಿಸಲಿಲ್ಲ. ಆಮೇಲೆ ಮದುವೆಮನೆಯಲ್ಲಿ ನುಡಿಸುವ ಒಂದು ಹಾಡು ನುಡಿಸಿದರು. ಮಿಲ್ಲಿನವರು ಕಣ್ಣು ಮುಚ್ಚಿ ಕೇಳಿದರು.

"ಭಾಳ ಚೆನ್ನಾಗೈತೆ" ಅಂದರು. "ಅಂತೂ ರಿಪೇರಿ ಮಾಡ್ಬುಟ್ಟೆ ಕಣ್ಲಾ. ಅಪ್ಪ ಕೆಡಿಸಿದ್ನ ಮಗ ಸರಿ ಮಾಡ್ದ. ಓದಿಸಿದ್ದು ಸಾರ್ಥಕ ಆಯ್ತು."

"ಅಲ್ಲಣ್ಣ" ಅಂದೆ. "ಅಪ್ಪ ಮಾಡಿದ್ದು ಸರಿಯಾಗೇ ಇತ್ತು. ಕೆಡಿಸಿದ್ದು ನಾನು. ಕೋಲಿನ ತಪ್ಪು ಮಗ್ಗುಲು ಇಟ್ಟು ಉಜ್ಜಿದ್ದೆ. ಆವತ್ತು ನಾನು ಹೇಳಿದ್ದು ಸುಳ್ಳು."

ಅವರು ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದರು. "ಸತ್ತಿರೋ ಅಪ್ಪನ್ನ ಬುಟ್ಕೊಡಬಾರ್ದು ಅಂತ ಅಲ್ವ? ಒಳ್ಳೇ ಮಗ ಕಣ್ಲಾ ನೀನು. ನೋಡ್ರಪ್ಪ, ಇಂಗಿರ್ಬೇಕು ಮಕ್ಳು."

ಕೋಲು ತಂದು ತೋರಿಸುತ್ತೇನೆ ಅಂದೆ. ಸಾಬರೂ, "ಅವ್ನ್ ಯೋಳದು ನಿಜ ಸ್ವಾಮಿ" ಅಂದರು. ಮಿಲ್ಲಿನವರು, "ಆಯ್ತಾಯ್ತು ಬುಡಿ" ಅನ್ನುತ್ತಾ ಎದ್ದರು. ಗರಗಸ ಮತ್ತೆ ಶುರುವಾಯಿತು. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ.

ಸಾಬರು ಗಿಟಾರು ತೆಗೆದುಕೊಂಡು ಹೋದರು. ಮನೆಗೆ ಬಂದಾಗ ಅವ್ವ ಕೇಳಿದಳು.

"ಯೋಳ್ದಾ?"

"ಹೇಳ್ದೆ."

"ನಂಬಿದ್ರಾ?"

"ಇಲ್ಲ."

ಅವ್ವ ತಟ್ಟೆ ಇಟ್ಟಳು. ಹೊರಗೆ ಲಾರಿಯೊಂದು ನೆಲ ಅದುರಿಸಿಕೊಂಡು ಹೋಯಿತು. ಇಬ್ಬರೂ ಕಿವಿ ಕೊಟ್ಟೆವು. ಅಂಗಡಿಯಲ್ಲಿ ಬರೀ ಕೊಕ್ಕೆ.

"ನಾಳಿಕ್ ಕೋಲ್ ತಕ್ಕಂಡ್ ಓಗು" ಅಂದಳು.